ತಂತಿಗೆ ತುಕ್ಕು, ಅಂಗಡಿ ಭಾವನದು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮೂರು ಎಕರೆಯಲ್ಲಿ ಹೊಸದಾಗಿ ಅಡಿಕೆ ಹಾಕಿದ್ದೇನೆ. ಎರಡು ವರ್ಷದ ಹಿಂದೆ, ಮಳೆಗಾಲಕ್ಕೆ ಮೊದಲು, ಸಿಮೆಂಟ್ ಕಂಬ ನೆಟ್ಟು ಮೂರು ಕಡೆ ಐದು ಸಾಲು ಮುಳ್ಳುತಂತಿ ಎಳೆಸಿದೆ. ತಂತಿ ತಂದದ್ದು ಅಕ್ಕನ ಗಂಡನ ಅಂಗಡಿಯಿಂದ. "ಹನ್ನೆರಡು ಗೇಜು, ಜಿಐ ತಂತಿ, ಕೆಜಿಗೆ ಮೀಟರ್ ಜಾಸ್ತಿ ಬರುತ್ತೆ, ಬೇರೆಯವರಿಗಿಂತ ನಿಂಗೆ ಕಡಿಮೆಗೆ ಹಾಕಿದೀನಿ" ಅಂದಿದ್ದರು ಭಾವ. ಮೊದಲನೇ ಮಳೆಗಾಲ ಮುಗಿಯುವಾಗಲೇ ತಂತಿ ಕೆಂಪಾಯಿತು. ಈಗ ಮುಳ್ಳುಗಳು ಜಾರುತ್ತವೆ, ಕಂಬದ ಹತ್ತಿರ ಎರಡು ಮೂರು ಕಡೆ ಕಡಿದುಹೋಗಿದೆ. ಗೋಮಾಳದ ಕಡೆಯಿಂದ ಎಮ್ಮೆಗಳು ನುಗ್ಗಿ ಒಂದು ಸಾಲು ಸಸಿ ಮೇಯ್ದವು. ಹಳ್ಳದ ಕಡೆಯ ಬೇಲಿ ಇನ್ನೂ ಬಾಕಿ. ಅದಕ್ಕೆಂದು ತಂದ ಎಂಟು ಬಂಡಲ್ ಕೊಟ್ಟಿಗೆಯ ಅಟ್ಟದ ಮೇಲೆ ಗೊಬ್ಬರದ ಚೀಲಗಳ ಪಕ್ಕ ಹಾಗೇ ಇದೆ. ಅದನ್ನು ಬಳಸಲೇ? ಹಳೆಯದಕ್ಕೆ ಬಣ್ಣ ಬಳಿದರೆ ಆದೀತೇ? ಪಕ್ಕದ ತೋಟದವರು ಇದೇ ತಂತಿಗೆ ಸೋಲಾರ್ ಬೇಲಿಯ ಐಬೆಕ್ಸ್ ಮಿಷನ್ ಕೊಡಿ ಅನ್ನುತ್ತಾರೆ. ಭಾವನ ಹತ್ತಿರ ಮಾತೆತ್ತಿದರೆ ಅಕ್ಕನ ಮನೆಗೆ ಹೋಗಿಬರುವುದೇ ನಿಂತೀತು ಎಂದು ಅಪ್ಪಯ್ಯ ಹೆದರುತ್ತಾರೆ. ಬಿಲ್ಲೂ ತಗೊಂಡಿಲ್ಲ. ಏನು ಮಾಡಲಿ?
(ಹೆಸರು ಬೇಡ)

ಉತ್ತರ: ನಿಮ್ಮ ಭಾವ ಹೇಳಿದ ಎರಡು ಮಾತು ಒಟ್ಟಿಗೆ ನಿಜವಾಗುವುದು ಕಷ್ಟ. ಹನ್ನೆರಡು ಗೇಜಿನ ತಂತಿಯಾದರೆ ಕೆಜಿಗೆ ಮೀಟರ್ ಜಾಸ್ತಿ ಬರಬಾರದು. ಕಬ್ಬಿಣದ ತೂಕ ಎಲ್ಲ ಅಂಗಡಿಯಲ್ಲೂ ಒಂದೇ. ಒಂದು ಕೆಜಿಯಲ್ಲಿ ಉದ್ದ ಹೆಚ್ಚಿತೆಂದರೆ ಒಂದೋ ತಂತಿ ಸಪೂರ, ಇಲ್ಲವೇ ಮುಳ್ಳುಗಳ ನಡುವಿನ ಅಂತರ ಹೆಚ್ಚು. ಮೂರು ಇಂಚಿಗೊಂದು ಇರಬೇಕಾದ ಮುಳ್ಳು ಐದಾರು ಇಂಚಿಗೆ ಹೋಗಿರುತ್ತದೆ. ತೂಕದ ಲೆಕ್ಕದಲ್ಲಿ ಕೊಂಡು ಉದ್ದದ ಲೆಕ್ಕದಲ್ಲಿ ಬೇಲಿ ಕಟ್ಟುವವರು ನಾವು. ಈ ಎರಡು ಲೆಕ್ಕಗಳ ನಡುವಿನ ಸಂದಿಯಲ್ಲಿಯೇ ಕಳಪೆ ತಂತಿಯ ವ್ಯಾಪಾರ ನಡೆಯುವುದು. ಮೀಟರ್ ಜಾಸ್ತಿ ಎಂದಾಗ ಖುಷಿಪಟ್ಟವರು ನೀವೊಬ್ಬರೇ ಅಲ್ಲ.

ಭಾವನ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಕೈಯಲ್ಲಿ ಪುರಾವೆ ಇರಲಿ. "ತುಕ್ಕು ಹಿಡೀತು" ಎಂದಷ್ಟೇ ಹೇಳಿದರೆ "ಮಲೆನಾಡ ಮಳೆಗೆ ಯಾವ ತಂತಿ ಉಳಿಯುತ್ತೆ ಮಾರಾಯ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಅಟ್ಟದ ಮೇಲಿನ ಒಂದು ಬಂಡಲ್ ಬಿಚ್ಚಿ ಒಂದೂವರೆ ಮೀಟರಿನಷ್ಟು ಕತ್ತರಿಸಿ. ಹೆಣೆದ ಎರಡು ಎಳೆಗಳನ್ನು ಬಿಡಿಸಿ, ಮುಳ್ಳು ತೆಗೆದು, ಒಂದು ಎಳೆಯನ್ನು ನೇರ ಮಾಡಿ ಸರಿಯಾಗಿ ಒಂದು ಮೀಟರ್ ಅಳೆದು ತುಂಡರಿಸಿ. ಸೊಸೈಟಿಯಲ್ಲೋ ಅಕ್ಕಸಾಲಿಗರಲ್ಲೋ ಇರುವ ಗ್ರಾಂ ತೋರಿಸುವ ತಕ್ಕಡಿಯಲ್ಲಿಟ್ಟು ನೋಡಿ. ಹನ್ನೆರಡು ಗೇಜು ಎಂದು ಮಾರುವ ತಂತಿ 2.5ರಿಂದ 2.6 ಮಿಲಿಮೀಟರ್ ದಪ್ಪ ಇರಬೇಕು, ಒಂದು ಮೀಟರಿಗೆ 38ರಿಂದ 42 ಗ್ರಾಂ ತೂಗಬೇಕು. ಹದಿನಾಲ್ಕು ಗೇಜಾದರೆ ಸುಮಾರು 25 ಗ್ರಾಂ, ಹದಿನಾರು ಗೇಜಾದರೆ 16 ಗ್ರಾಂ. ಯಾವ ತಂತಿಗಾದರೂ ಲೆಕ್ಕ ಒಂದೇ: ಮಿಲಿಮೀಟರಿನ ದಪ್ಪವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 6.16ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಗ್ರಾಂ ಎಂದು ಸಿಗುತ್ತದೆ. ನಿಮ್ಮದು 30 ಗ್ರಾಂ ತೂಗಿತು ಎನ್ನಿ, ಅದರ ದಪ್ಪ 2.2 ಮಿಲಿಮೀಟರ್. ಕಣ್ಣಿಗೆ ವ್ಯತ್ಯಾಸ ಗೊತ್ತೇ ಆಗದು. ಆದರೆ ಎಮ್ಮೆ ಮೈಯೊಡ್ಡಿದಾಗ ತಡೆಯುವ ಶಕ್ತಿ ಹತ್ತರಲ್ಲಿ ಏಳು ಪಾಲು ಮಾತ್ರ ಉಳಿದಿರುತ್ತದೆ. "12×14" ಎಂದು ಹೇಳಿ ಕೊಟ್ಟಿದ್ದರೆ ಎಳೆ ಹನ್ನೆರಡು ಗೇಜು, ಮುಳ್ಳು ಹದಿನಾಲ್ಕು ಗೇಜು ಎಂದರ್ಥ. ಎಷ್ಟೋ ಕಡೆ ಇದು ತಿರುಗಾಮುರುಗಾ ಆಗಿರುತ್ತದೆ.

ಆದರೂ ನಿಮ್ಮ ಬೇಲಿಯನ್ನು ಕೆಡಿಸಿದ್ದು ಗೇಜಿಗಿಂತ ಹೆಚ್ಚಾಗಿ ಸತುವಿನ ಲೇಪ ಎಂದು ನನ್ನ ಅಂದಾಜು. ಜಿಐ ಎಂಬ ಎರಡಕ್ಷರ ಇದ್ದರೆ ಸಾಕು ಎಂದುಕೊಳ್ಳುತ್ತೇವೆ. ಅದು ಸತು ಇದೆ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಕರಗಿದ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆದು ದಪ್ಪ ಲೇಪ ಉಳಿಸಿಕೊಂಡ ತಂತಿಗೆ ಚದರ ಮೀಟರಿಗೆ 240 ಗ್ರಾಂ ಆಸುಪಾಸು ಸತು ಅಂಟಿರುತ್ತದೆ. ವಿದ್ಯುತ್ತಿನಿಂದ ಲೇಪಿಸಿದ, ಅಥವಾ ಬಿಸಿಯಾಗಿರುವಾಗಲೇ ಒರೆಸಿ ತೆಳು ಮಾಡಿದ ತಂತಿಯಲ್ಲಿ ಇದು 40 ಗ್ರಾಂ ಕೂಡ ಇರಲಿಕ್ಕಿಲ್ಲ. ಎರಡೂ ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುತ್ತವೆ. ಕೆಲವೊಮ್ಮೆ ತೆಳು ಲೇಪದ್ದೇ ಹೆಚ್ಚು ಹೊಳೆಯುತ್ತದೆ. ಚದರ ಮೀಟರಿಗೆ 7 ಗ್ರಾಂ ಸತು ಎಂದರೆ ಒಂದು ಮೈಕ್ರಾನ್ ದಪ್ಪ. ಹಾಗಾಗಿ ಒಂದರದ್ದು 34 ಮೈಕ್ರಾನ್, ಇನ್ನೊಂದರದ್ದು ಐದಾರು. ಒಣ ಒಳನಾಡಿನಲ್ಲಿ ವರ್ಷಕ್ಕೆ ಒಂದು ಮೈಕ್ರಾನಿಗಿಂತ ಕಡಿಮೆ ಸತು ಸವೆಯುತ್ತದೆ. ತೇವ ನಿಲ್ಲುವ ಕಡೆ ಒಂದೆರಡು ಮೈಕ್ರಾನ್, ಉಪ್ಪುಗಾಳಿಯ ಕಡಲತೀರದಲ್ಲಿ ಎರಡರಿಂದ ನಾಲ್ಕು. ಅದೇ ತೆಳು ತಂತಿ ಚಿತ್ರದುರ್ಗದ ಹೊಲದಲ್ಲಿ ಏಳೆಂಟು ವರ್ಷ ನಿಂತು ಹೆಸರು ಉಳಿಸಿಕೊಂಡೀತು. ತಿಂಗಳುಗಟ್ಟಲೆ ತೊಟ್ಟಿಕ್ಕುವ ನಿಮ್ಮ ಊರಿನಲ್ಲಿ ಮೂರನೇ ವರ್ಷ ಕಾಣುವುದೇ ಕಷ್ಟ. ನಿಮ್ಮ ಭಾವ "ಬೇರೆ ಗಿರಾಕಿಗಳು ಯಾರೂ ದೂರು ಹೇಳಿಲ್ಲ" ಎಂದರೆ ಅದು ಸುಳ್ಳಾಗಿರಲೇಬೇಕೆಂದಿಲ್ಲ.

ಲೇಪ ಎಷ್ಟಿದೆ ಎಂದು ಅಂದಾಜು ಮಾಡುವ ಸಾಮಾನು ಅಡಿಕೆ ಬೆಳೆಗಾರರ ಮನೆಯಲ್ಲಿ ಇದ್ದೇ ಇರುತ್ತದೆ, ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೊ ಮಾಡುವಾಗ ಸುಣ್ಣ ಸಾಕೋ ಇಲ್ಲವೋ ಎಂದು ಕತ್ತಿಯ ಅಲಗನ್ನು ದ್ರಾವಣಕ್ಕೆ ಅದ್ದಿ ನೋಡುತ್ತೀರಲ್ಲ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ತಿಳಿ ಬೆರೆಸುತ್ತೀರಲ್ಲ, ಇಲ್ಲಿಯೂ ಅದೇ ರಸಾಯನ. ಮೈಲುತುತ್ತದಲ್ಲಿನ ತಾಮ್ರ ಬರಿಯ ಕಬ್ಬಿಣ ಸಿಕ್ಕಿದಲ್ಲಿ ಕೆಂಪಗೆ ಹೊಳೆಯುತ್ತ ಅಂಟಿ ಕೂರುತ್ತದೆ. ಸತು ಇರುವಲ್ಲಿ ಕಪ್ಪು ಮಸಿಯಂತೆ ಕೂತು, ಒರೆಸಿದರೆ ಹೋಗುತ್ತದೆ. ತಂತಿಯ ಲೇಪ ಪರೀಕ್ಷಿಸುವ ಪ್ರಯೋಗಾಲಯಗಳೂ ಬಹಳ ಕಾಲದಿಂದ ಮೈಲುತುತ್ತವನ್ನೇ ಬಳಸುತ್ತಿವೆ.

200 ಮಿಲಿಲೀಟರ್ ನೀರಿಗೆ 70 ಗ್ರಾಂ ಮೈಲುತುತ್ತ ಹಾಕಿ ಪೂರ್ತಿ ಕರಗಿಸಿ. ಗಾಜಿನ ಅಥವಾ ಪ್ಲಾಸ್ಟಿಕ್ ಲೋಟವೇ ಆಗಬೇಕು. ತಂತಿಯ ತುಂಡನ್ನು ಸೋಪಿನಿಂದ ತೊಳೆದು ಜಿಡ್ಡು ತೆಗೆದು ಒಣಗಿಸಿ. ಒಂದು ನಿಮಿಷ ಅದ್ದಿ, ತೆಗೆದು, ನೀರಿನಲ್ಲಿ ತೊಳೆದು, ಬಟ್ಟೆಯಿಂದ ಮಸಿ ಒರೆಸಿ ನೋಡಿ. ಕತ್ತರಿಸಿದ ತುದಿ ಕೆಂಪಾಗಿಯೇ ಆಗುತ್ತದೆ, ಅಲ್ಲಿ ಲೇಪವಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೈಮೇಲೆ ಒರೆಸಿದರೂ ಹೋಗದ ತಾಮ್ರ ಕಂಡರೆ ಅಲ್ಲಿ ಸತು ಮುಗಿಯಿತು. ಕಾಣದಿದ್ದರೆ ಮತ್ತೊಂದು ನಿಮಿಷ. ದಪ್ಪ ಲೇಪದ ತಂತಿ ಎರಡು ಮೂರು ಸಲ ಅದ್ದಿದರೂ ತಡೆದುಕೊಳ್ಳುತ್ತದೆ. ಮೊದಲ ಅದ್ದಿಗೇ ಕೆಂಪಾದರೆ ಆ ಬಂಡಲಿನ ಜಾತಕ ಗೊತ್ತಾಯಿತು. ನಿಮ್ಮ ಸುತ್ತ ಯಾರದಾದರೂ ಬೇಲಿ ಹತ್ತು ವರ್ಷ ಮಳೆ ಕಂಡೂ ಚೆನ್ನಾಗಿದ್ದರೆ, ಆ ಬೇಲಿಯವರಿಂದ ಅದೇ ತಂತಿಯ ಒಂದು ಗೇಣು ತುಂಡು ಕೇಳಿ ತಂದು ಜೊತೆಗೆ ಅದ್ದಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಉಳಿದ ನೀರನ್ನು ಹಳ್ಳಕ್ಕೆ ಸುರಿಯಬೇಡಿ, ತಾಮ್ರ ಮೀನಿಗೆ ವಿಷ. ಮುಂದಿನ ಬೋರ್ಡೊ ಡ್ರಮ್ಮಿಗೆ ಸೇರಿಸಿಕೊಳ್ಳಿ.

ಈಗ ಅಟ್ಟದ ಬಂಡಲ್‌ಗಳ ವಿಚಾರ. ಇವತ್ತೇ ಕೆಳಗಿಳಿಸಿ. ಗೊಬ್ಬರದ ಚೀಲದ ಪಕ್ಕ, ಅದೂ ಕೊಟ್ಟಿಗೆಯ ಅಟ್ಟದಲ್ಲಿ ತಂತಿ ಇಡುವಷ್ಟು ಕೆಟ್ಟ ಜಾಗ ಮನೆಯಲ್ಲಿ ಬೇರೆ ಇರಲಾರದು. ಪೊಟ್ಯಾಶ್ ಎಂದು ನಾವು ಹಾಕುವುದು ಒಂದು ಬಗೆಯ ಉಪ್ಪೇ, ಗಾಳಿಯ ತೇವ ಹೀರಿ ಸುತ್ತಲಿನ ಲೋಹವನ್ನೆಲ್ಲ ತಿನ್ನುತ್ತದೆ. ಕೆಳಗಿನಿಂದ ಗಂಜಲದ ಅಮೋನಿಯಾ ಬೇರೆ. ಬಿಗಿಯಾಗಿ ಸುತ್ತಿದ ಬಂಡಲಿನೊಳಗೆ ನೀರು ಸೇರಿ ಗಾಳಿಯಾಡದಿದ್ದರೆ ಸತು ಬಿಳಿ ಪುಡಿಯಾಗಿ ಉದುರುತ್ತದೆ, ಬೇಲಿ ಕಾಣುವ ಮೊದಲೇ ಆಯಸ್ಸು ಮುಗಿದಿರುತ್ತದೆ. ಒಣ ಜಾಗದಲ್ಲಿ ಹಲಗೆಯ ಮೇಲೆ ಸಡಿಲವಾಗಿ ಜೋಡಿಸಿಡಿ. ಇದನ್ನು ಹೇಳಲು ಇನ್ನೊಂದು ಕಾರಣವಿದೆ. ಭಾವನಿಗೆ ವಾಪಸು ಕೊಡುವುದಾದರೆ ಸರಕು ಚೆನ್ನಾಗಿರಬೇಕು. ಬಿಳಿ ಪುಡಿ ಹಿಡಿದ ಬಂಡಲ್ ಹೊತ್ತುಕೊಂಡು ಹೋದರೆ ತಪ್ಪು ಯಾರದೆಂಬ ವಾದ ಶುರುವಾಗುತ್ತದೆ.

ಬಣ್ಣದ ಆಸೆ ಬಿಟ್ಟುಬಿಡಿ. ಮೂರು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 440 ಮೀಟರ್. ನಿಮ್ಮ ಮೂರು ಕಡೆಯ ಐದು ಸಾಲು ಸೇರಿದರೆ ಸಾವಿರದ ಆರುನೂರು ಮೀಟರ್ ದಾಟುತ್ತದೆ. ಹೆಣೆದ ಎರಡು ಎಳೆಯ ನಡುವಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ತುಕ್ಕು ಕೂರುವುದು ಅಲ್ಲಿಯೇ. ಕೂಲಿಯೇ ಹೊಸ ತಂತಿಯ ಬೆಲೆಯನ್ನು ಮೀರೀತು. ಹಳೆಯ ಎಂಜಿನ್ ಆಯಿಲ್ ಸವರುವವರೂ ಇದ್ದಾರೆ. ಎರಡು ಮಳೆಗೆ ಅದು ಅಡಿಕೆ ಬುಡಕ್ಕೆ ಇಳಿದಿರುತ್ತದೆ. ಸತು ಬೆರೆತ ಬಣ್ಣವೆಂದು ಸಿಗುತ್ತದೆ, ಅದನ್ನು ಹೊಸ ಬೇಲಿಯ ಗಂಟುಗಳಿಗೆ, ಕತ್ತರಿಸಿದ ತುದಿಗಳಿಗೆ ಹಚ್ಚಿ, ಸಾಕು.

ಐಬೆಕ್ಸ್ ಮಿಷನ್ನಿನ ಸಲಹೆ ಕೊಟ್ಟವರಿಗೆ ನಮಸ್ಕಾರ ಹೇಳಿ ಸುಮ್ಮನಾಗಿ. ಸೋಲಾರ್ ಬೇಲಿಯ ಗುಣವೇ ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುವುದು. ಮುಳ್ಳುತಂತಿಯಲ್ಲಿ ಸಿಕ್ಕಿಕೊಂಡದ್ದು ಹಿಂದೆ ಸರಿಯಲಾರದು, ಅದು ಎಮ್ಮೆಯಾಗಲಿ ಮಗುವಾಗಲಿ. ಅದಕ್ಕೇ ಮುಳ್ಳುತಂತಿಗೆ ವಿದ್ಯುತ್ ಹರಿಸಬಾರದೆಂದು ಸುರಕ್ಷತಾ ನಿಯಮವೇ ಇದೆ. ಮಿಷನ್ ಬೇಕೇ ಎಂದರೆ ಅದಕ್ಕೆ ಬೇರೆಯೇ ನುಣುಪು ತಂತಿ, ಬೇರೆ ಇನ್ಸುಲೇಟರ್. ಮನೆಯ ಕರೆಂಟನ್ನು ನೇರ ಕೊಡುವ ಯೋಚನೆ ಯಾರಿಗಾದರೂ ಬಂದಿದ್ದರೆ, ಅದು ಕೊಲೆಯ ಕೇಸಿನವರೆಗೆ ಹೋಗಬಹುದಾದ ಕೆಲಸ.

ಹಾಗಾದರೆ ಈಗಿರುವ ಬೇಲಿಯನ್ನು ಕಿತ್ತು ಎಸೆಯಬೇಕೇ? ಬೇಡ. ಎಲ್ಲ ಕಡೆ ಬೇಲಿಗೆ ಒಂದೇ ಕೆಲಸ ಇರುವುದಿಲ್ಲ. ನಿಮಗೆ ನಿಜವಾದ ಒತ್ತಡ ಇರುವುದು ಗೋಮಾಳದ ಕಡೆ, ಬಹುಶಃ ರಸ್ತೆ ಕಡೆಯೂ. ಅಲ್ಲಿ ದನದ ಎದೆಯ ಎತ್ತರದ ಸಾಲು ಮತ್ತು ಮೇಲಿನ ಸಾಲು, ಎರಡನ್ನು ಮಾತ್ರ ಒಳ್ಳೆಯ ತಂತಿಗೆ ಬದಲಿಸಿ. ಒಂದು ಕಡೆಗೆ 110 ಮೀಟರ್ ಹಿಡಿದರೆ 220 ಮೀಟರ್ ತಂತಿಯಲ್ಲಿ ಮುಗಿಯುತ್ತದೆ. ಕೆಳಗಿನ ಸಾಲುಗಳು ಹಳೆಯವೇ ಇರಲಿ. ಹುಲ್ಲಿನ ತೇವದಲ್ಲಿ ಅವು ಎಲ್ಲಕ್ಕಿಂತ ಮೊದಲು ಹೋಗುತ್ತವೆ, ಹೋಗಲಿ. ಕಾಡುಹಂದಿಯನ್ನು ಆ ಸಾಲು ಎಂದೂ ತಡೆದಿರಲಿಲ್ಲ.

ಉಳಿದ ಕಡೆಗೆ ಜೀವಂತ ಬೇಲಿ. ಇದು ನನ್ನ ಹಟ ಎಂದು ಬೇಕಾದರೆ ಅಂದುಕೊಳ್ಳಿ, ಆದರೆ ಮಲೆನಾಡಿನಲ್ಲಿ ಸಿಮೆಂಟ್ ಕಂಬ ಮತ್ತು ತಂತಿಯನ್ನೇ ಪೂರ್ತಿ ನಂಬುವುದು ನನಗೆ ಎಂದೂ ಒಪ್ಪಿಗೆಯಾದದ್ದಲ್ಲ. ಗೂಟ ಊರಿದರೆ ಚಿಗುರುವ ಊರು ಅದು. ಮಳೆ ಹಿಡಿಯುವ ಹೊತ್ತಿಗೆ ಗೊಬ್ಬರದ ಗಿಡದ, ಹಾಲವಾಣದ ಎದೆಯೆತ್ತರದ ಗೂಟಗಳನ್ನು ಕಂಬಗಳ ನಡುವೆ ಒತ್ತಾಗಿ ಊರಿ. ನಡುನಡುವೆ ದನ ಬಾಯಿಡದ ಲಕ್ಕಿ, ಮರಹರಳು ಇರಲಿ. ತುಕ್ಕು ಹಿಡಿದ ತಂತಿಗೆ ಇನ್ನೆರಡು ಮೂರು ವರ್ಷ ಜೀವ ಇದ್ದರೆ ಸಾಕು, ಅಷ್ಟರಲ್ಲಿ ಗಿಡ ತಾನೇ ನಿಲ್ಲುತ್ತದೆ. ಸೊಪ್ಪು ತೋಟಕ್ಕೆ ಆಯಿತು. ತಂತಿಯನ್ನು ಗೂಟಕ್ಕೆ ಮಾತ್ರ ಬಿಗಿದು ಸುತ್ತಬೇಡಿ, ತೊಗಟೆ ಬೆಳೆದು ತಂತಿಯನ್ನು ನುಂಗುತ್ತದೆ. ಮುಂದೊಂದು ದಿನ ಮರ ಕೊಯ್ಯುವವನ ಗರಗಸಕ್ಕೆ ಅದು ಸಿಗುತ್ತದೆ.

ಕಂಬದ ಹತ್ತಿರ ತಂತಿ ಕಡಿದಿದೆ ಎಂದು ಬರೆದಿದ್ದೀರಿ. ಅಲ್ಲಿ ತಂತಿಯನ್ನು ಕಂಬಕ್ಕೆ ಯಾವುದರಿಂದ ಕಟ್ಟಿದ್ದಾರೆ ನೋಡಿ. ಸೆಂಟ್ರಿಂಗಿನವರು ಸರಳು ಕಟ್ಟಲು ಬಳಸುವ ಕಪ್ಪು ಬೈಂಡಿಂಗ್ ವೈರ್ ಇರಬೇಕು ಎಂದು ನನ್ನ ಗುಮಾನಿ. ಅದಕ್ಕೆ ಸತುವೇ ಇಲ್ಲ. ಒಂದು ಮಳೆಗಾಲಕ್ಕೆ ತುಕ್ಕಾಗಿ ಪಕ್ಕದ ತಂತಿಯ ಸತುವನ್ನೂ ತಿಂದುಹಾಕುತ್ತದೆ, ಏಕೆಂದರೆ ಬರಿಯ ಕಬ್ಬಿಣ ತಗುಲಿದಲ್ಲಿ ಸತು ತಾನು ಕರಗಿ ಅದನ್ನು ಕಾಯುತ್ತದೆ. ಒಳ್ಳೆಯ ತಂತಿ ತಂದು ಇದೇ ವೈರಿನಿಂದ ಕಟ್ಟಿಸಿದರೆ ಮತ್ತೆ ಅದೇ ಜಾಗದಲ್ಲಿ ಕಡಿಯುತ್ತದೆ. ಕಟ್ಟಲು ಜಿಐ ವೈರನ್ನೇ ಕೇಳಿ ತನ್ನಿ. ಹಾಗೆಯೇ, ಎಳೆಯುವವರು ವೀಣೆಯ ತಂತಿಯಂತೆ ಬಿಗಿಯಲು ನೋಡುತ್ತಾರೆ, ಬಿಡಬೇಡಿ. ಮೆದು ಕಬ್ಬಿಣದ ತಂತಿ ಅತಿಯಾಗಿ ಎಳೆದರೆ ಉದ್ದವಾಗಿ ಇನ್ನೂ ಸಪೂರವಾಗುತ್ತದೆ, ಹೆಣಿಗೆ ಸಡಿಲಾಗಿ ಮುಳ್ಳು ಜಾರುವುದಕ್ಕೆ ಅದೂ ಒಂದು ಕಾರಣ. ಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ತಂಪಿಗೂ ನೂರು ಮೀಟರ್ ತಂತಿಯಲ್ಲಿ ಎರಡು ಮೂರು ಸೆಂಟಿಮೀಟರ್ ಹಿಗ್ಗುಕುಗ್ಗು ಇರುತ್ತದೆ, ಅದಕ್ಕೆ ಜಾಗ ಬಿಡಬೇಕು. ಮೂಲೆಯ ಕಂಬಕ್ಕೆ ಓರೆಯಾಗಿ ಆಸರೆ ಕಂಬ ಕೊಟ್ಟಿಲ್ಲದಿದ್ದರೆ ಈಗಲಾದರೂ ಕೊಡಿಸಿ.

ಒಂದು ವಿಷಯ ಮಾತ್ರ ಮುಂದೂಡಬೇಡಿ. ಕಡಿದ ತಂತಿಯ ಚೂರು, ಉದುರಿದ ಮುಳ್ಳು ಒಂದೂ ನೆಲದ ಮೇಲೆ ಉಳಿಯಬಾರದು. ಹಸು ಹುಲ್ಲನ್ನು ನಾಲಿಗೆಯಿಂದ ಸೆಳೆದು ಸರಿಯಾಗಿ ಅಗಿಯದೆ ನುಂಗುತ್ತದೆ, ಬಾಯಲ್ಲಿ ಕಬ್ಬಿಣ ಸಿಕ್ಕಿತೆಂದು ಅದಕ್ಕೆ ತಿಳಿಯದು. ಚೂರು ಹೊಟ್ಟೆಯ ಎರಡನೇ ಕೋಣೆಯಲ್ಲಿ ನಿಂತು, ಮುಂದಕ್ಕೆ ಚುಚ್ಚಿಕೊಂಡು, ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ದಾಟಿ ಹೃದಯದ ಪೊರೆಯವರೆಗೂ ಹೋಗಬಲ್ಲದು. ಮೇವು ಬಿಟ್ಟು, ಬೆನ್ನು ಬಾಗಿಸಿ, ಇಳಿಜಾರು ಇಳಿಯಲು ಹಿಂಜರಿಯುವ ಹಸುವನ್ನು ಕಂಡರೆ ಪಶುವೈದ್ಯರು ಮೊದಲು ಅನುಮಾನಿಸುವ ಸಂಗತಿಗಳಲ್ಲಿ ಇದೂ ಒಂದು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಬೇಲಿಯ ಉದ್ದಕ್ಕೂ ಎಳೆದುಕೊಂಡು ನಡೆಯಿರಿ. ಉದ್ದದ ತುಂಡುಗಳನ್ನೂ ಬಿಸಾಡಬೇಡಿ, ಅವು ಉರುಳಾಗಿ ಕಾಡಿನಂಚಿಗೆ ಹೋಗುತ್ತವೆ.

ಇನ್ನು ಭಾವ. ಅಪ್ಪಯ್ಯನ ಹೆದರಿಕೆ ಸುಳ್ಳಲ್ಲ. ಹೆಣ್ಣು ಕೊಟ್ಟ ಮನೆಯ ಜೊತೆ ಲೆಕ್ಕ ಮಾತಾಡುವುದು ಅವರ ಕಾಲದವರಿಗೆ ಬಹಳ ಕಷ್ಟ. ಆದರೆ ನೀವು ಮಾತಾಡದೆ ಇದ್ದೀರಿ ಎಂದ ಮಾತ್ರಕ್ಕೆ ಸಂಬಂಧ ಚೆನ್ನಾಗಿದೆ ಎಂದೇನಲ್ಲ. ಎಮ್ಮೆ ನುಗ್ಗಿದ ದಿನ ನೀವು ಮನಸ್ಸಿನಲ್ಲಿ ಬೈದದ್ದು ಎಮ್ಮೆಯನ್ನಲ್ಲ. ಜೊತೆಗೆ ಒಂದು ಸಾಧ್ಯತೆಯನ್ನು ನೀವು ಗಣನೆಗೆ ತಂದೇ ಇಲ್ಲ: ಭಾವನಿಗೂ ಗೊತ್ತಿಲ್ಲದಿರಬಹುದು. ಸಣ್ಣ ಪೇಟೆಯ ಅಂಗಡಿಯವರಿಗೆ ಬಂಡಲ್ ಬರುವುದು ಹೋಲ್‌ಸೇಲಿನವರ ಬಾಯಿಮಾತಿನ ಮೇಲೆ. ಗಿರಾಕಿ ಕೇಳುವುದು ರೇಟು ಮತ್ತು ಮೀಟರ್ ಎರಡನ್ನೇ. ಲೇಪ ಎಷ್ಟು ಎಂದು ಅವರನ್ನು ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.

ಹಬ್ಬದೂಟದಲ್ಲೋ ಅಕ್ಕನ ಎದುರಿನಲ್ಲೋ ಇದನ್ನು ಎತ್ತಬೇಡಿ. ಅಕ್ಕನನ್ನು ಮಧ್ಯಸ್ಥಿಕೆಗೆ ಎಳೆಯಲೇಬೇಡಿ, ಯಾವ ಕಡೆ ಮಾತಾಡಿದರೂ ಕೊನೆಗೆ ಬೇಸರ ಆಗುವುದು ಅವಳಿಗೇ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಒಬ್ಬರೇ ಹೋಗಿ. ಒಂದು ಮೀಟರ್ ತುಂಡು, ಮೈಲುತುತ್ತದಲ್ಲಿ ಅದ್ದಿದ ಎರಡು ತುಂಡು ಕೈಯಲ್ಲಿರಲಿ. "ಭಾವ, ನಿಮಗೆ ಇದನ್ನು ಹೋಲ್‌ಸೇಲಿನವರು ಹನ್ನೆರಡು ಗೇಜು ಅಂತ ಕೊಟ್ಟಿದ್ದಾರೆ, ಒಮ್ಮೆ ತೂಕಕ್ಕೆ ಹಾಕಿ ನೋಡಿ" ಎಂದು ಶುರುಮಾಡಿ. ಅವರ ತಕ್ಕಡಿಯಲ್ಲೇ ತೂಗಲಿ. ಕಂಬಕ್ಕೆ ಎಳೆದಾದ ತಂತಿಯ ಹಣ ಕೇಳಬೇಡಿ, ಅದು ಬರುವುದೂ ಇಲ್ಲ. ಬಿಚ್ಚದೆ ಉಳಿದ ಬಂಡಲ್‌ಗಳನ್ನು ವಾಪಸು ತಗೊಂಡು ಒಳ್ಳೆಯ ತಂತಿ ಕೊಡಲಿ, ಹೆಚ್ಚಿನ ಬೆಲೆಯನ್ನು ನೀವು ತುಂಬಿ. ಅವರು ಹೋಲ್‌ಸೇಲಿನವರ ಹತ್ತಿರ ಜಗಳವಾಡಲು ನಿಮ್ಮ ತುಂಡುಗಳೇ ಸಾಕು.

ಒಪ್ಪದಿದ್ದರೆ? ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಸರಕನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಬಿತ್ತನೆ ಬೀಜದ ಮೊಕದ್ದಮೆಯೊಂದರಲ್ಲಿ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ದೂರಿನ ಕಾರಣ ಹುಟ್ಟಿ 2 ವರ್ಷದೊಳಗೆ ಹೋಗಬೇಕು, ಸಲಹೆಗೆ 1915 ಸಹಾಯವಾಣಿ ಇದೆ. ಆದರೆ ನಿಮ್ಮಲ್ಲಿ ಬಿಲ್ಲಿಲ್ಲ, ಎದುರಿಗಿರುವುದು ಅಕ್ಕನ ಗಂಡ, ಸಿಗಬಹುದಾದದ್ದು ಎಂಟು ಬಂಡಲಿನ ಬೆಲೆ. ನಾನಾದರೆ ಹೋಗುವುದಿಲ್ಲ. ಆ ಎಂಟು ಬಂಡಲನ್ನು ಹಳ್ಳದ ಕಡೆ ಗಿಡದ ಬೇಲಿಗೆ ಆಸರೆಯಾಗಿ ಮೂರೇ ಸಾಲು ಎಳೆಸಿ ಕೆಲಸ ಮುಗಿಸುತ್ತೇನೆ. ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತೇನೆ, ಅಕ್ಕನ ಮನೆಗೂ ಹೋಗುತ್ತಿರುತ್ತೇನೆ.

ಹೊಸ ತಂತಿ ಎಲ್ಲಿಂದಲೇ ತನ್ನಿ, ಬಂಡಲಿನ ಚೀಟಿಯಲ್ಲಿ ಐಎಸ್‌ಐ ಗುರುತು, ಅದರ ಜೊತೆ ಐಎಸ್ 278 ಎಂಬ ಸಂಖ್ಯೆ ಇದೆಯೇ ನೋಡಿ. ಅದು ಮುಳ್ಳುತಂತಿಯ ಭಾರತೀಯ ಮಾನಕ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಮೊದಲು ಒಂದೇ ಬಂಡಲ್ ತಂದು, ತೂಗಿ, ಅದ್ದಿ ನೋಡಿ, ಆಮೇಲೆ ಉಳಿದದ್ದಕ್ಕೆ ಹೇಳಿ. ಎಳೆಯ ಮಿಲಿಮೀಟರ್, ಮುಳ್ಳಿನ ಅಂತರ, ಚದರ ಮೀಟರಿಗೆ ಎಷ್ಟು ಗ್ರಾಂ ಲೇಪ ಎಂಬ ಮೂರನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಭಾವನ ಅಂಗಡಿಯಾದರೂ.